ಪೂರ್ವದ ಬಾಗಿಲಿಗೆ ಎಂಟು ಅಡಿ ದಾರಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮಹಡಿಯ ನಕ್ಷೆ ಬರೆಯುವ ಕೋಣೆಯ ಗಾಜಿನಿಂದ ಕೆಳಗೆ ಕಾರ್ಖಾನೆಯತ್ತ ನೋಡಿದಾಗ, ಮೂರನೆಯ ಸಾಲಿನ ಪಕ್ಕದ ನೆಲದ ಮೇಲೆ ನೀಲಿಯಾದದ್ದೇನೋ ಹರಿಯುತ್ತಿತ್ತು. ನೀರು ಚೆಲ್ಲಿರಬೇಕು ಎಂದುಕೊಂಡೆ. ಬೆಂಕಿ ಎಂದು ತಿಳಿಯುವಷ್ಟರಲ್ಲಿ ಗಂಟೆ ಬಾರಿಸಿತು. ಹೆಂಗಸರೆಲ್ಲ ಕುರ್ಚಿ ತಳ್ಳಿ ಎದ್ದು ಪಶ್ಚಿಮದ ದೊಡ್ಡ ಬಾಗಿಲಿನ ಕಡೆ ಓಡಿದರು. ಮೂರನೆಯ ಸಾಲಿನ ಕೊನೆಯ ಕುರ್ಚಿಯವಳು, ಐವತ್ತು ದಾಟಿದ ಪೋರ್ಟೋರಿಕೋದ ಹೆಂಗಸು, ಒಬ್ಬಳೇ ಪೂರ್ವದ ಬಾಗಿಲಿನ ಕಡೆ ಓಡಿದಳು. ಗಂಟೆ ಬಾರಿಸಿದರೆ ಆ ಬಾಗಿಲಿಗೇ ಓಡಬೇಕೆಂದು ಅವಳಿಗೆ ಹೇಳಿಕೊಟ್ಟವನು ನಾನು. ಬಾಗಿಲಿನ ಮುಂದೆ ಬಣ್ಣ ತೆಳುಮಾಡುವ ಥಿನ್ನರ್ ತುಂಬಿದ ಡ್ರಮ್ಮುಗಳು ನಿಂತಿದ್ದವು. ಅವುಗಳಲ್ಲೊಂದು ಸೋರಿಯೇ ಬೆಂಕಿ ಹತ್ತಿದ್ದು.

ಅವಳು ಎರಡೂ ಅಂಗೈಗಳಿಂದ ಬೆಂಕಿಗೆ ಕಾದಿದ್ದ ಡ್ರಮ್ಮೊಂದನ್ನು ತಳ್ಳಿ, ಸಂದಿ ಮಾಡಿಕೊಂಡು ಹೊರಗೆ ಬಿದ್ದಳು. ಚಾವಣಿಯ ಕೊಳವೆಗಳಿಂದ ನೀರು ಸುರಿಯತೊಡಗಿ ಬೆಂಕಿ ಅಷ್ಟಕ್ಕೇ ನಿಂತಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅವಳ ಅಂಗೈಗಳು ಮಾತ್ರ ಸುಟ್ಟುಹೋದವು.

ಅದು ನ್ಯೂಯಾರ್ಕಿನ ಸಮೀಪದ ಎಡಿಸನ್ ಊರಿನ ಹೊರಗೆ, ಉಗುರಿಗೆ ಹಚ್ಚುವ ಬಣ್ಣವನ್ನು ಪುಟ್ಟ ಶೀಸೆಗಳಿಗೆ ತುಂಬುವ ಕಾರ್ಖಾನೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ನ್ಯೂಯಾರ್ಕಿನಲ್ಲಿ ಎರಡು ವರ್ಷ ಓದಿ, ಆ ಕಾರ್ಖಾನೆಗೆ ಸೇರಿದ್ದೆ. ಕೆಲಸ ಕೊಡಿಸಿದವರು ಅಲ್ಲಿನ ಹಿರಿಯ ಎಂಜಿನಿಯರ್, ಧಾರವಾಡದವರು. ಎಂಬತ್ತು ಜನರಿದ್ದ ಆ ಕಟ್ಟಡದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಪ್ರತಿ ಭಾನುವಾರ ನನ್ನ ಊಟ ಅವರ ಮನೆಯಲ್ಲಿ. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಕಾರ್ಖಾನೆಯ ಮೊದಲ ಚಳಿಗಾಲದಲ್ಲಿ ನಾನು ತೊಟ್ಟ ಕೋಟು ಅವರದೇ, ತೋಳು ಎರಡು ಅಂಗುಲ ಉದ್ದ.

ಕಾರ್ಖಾನೆಗೆ ಹೊಸ ಕಟ್ಟಡ ಬಂದಾಗ ಯಂತ್ರಗಳನ್ನು ಎಲ್ಲೆಲ್ಲಿ ಇಡಬೇಕೆಂದು ನಕ್ಷೆ ಮಾಡುವ ಕೆಲಸ ನನಗೆ ಬಂತು. ಆಗ ಕಂಪ್ಯೂಟರ್ ಇರಲಿಲ್ಲ. ಒಂದು ದೊಡ್ಡ ಹಲಗೆಗೆ ಚೌಕುಳಿ ಕಾಗದ ಅಂಟಿಸಿ, ಪ್ರತಿ ಯಂತ್ರದ ಅಳತೆಗೆ ರಟ್ಟು ಕತ್ತರಿಸಿ, ಗುಂಡುಸೂಜಿ ಚುಚ್ಚಿ ಇಡುತ್ತಿದ್ದೆವು. ಸರಕು ಸಾಗುವ ದಾರಿಗೆ ಕೆಂಪು ದಾರ. ನಾನು ಅದರ ಜೊತೆ ಹಸಿರು ದಾರವನ್ನೂ ಎಳೆದೆ. ಪ್ರತಿ ಕುರ್ಚಿಯಿಂದ ಹತ್ತಿರದ ಬಾಗಿಲಿಗೆ ಒಂದೊಂದು ಎಳೆ, ಯಾವ ಎಳೆಯೂ ಉದ್ದವಾಗದಂತೆ. ಥಿನ್ನರ್ ಡ್ರಮ್ಮುಗಳು ಕಟ್ಟಡದ ಹೊರಗೆ ಶೆಡ್ಡಿನಲ್ಲಿ. ಪೂರ್ವದ ಬಾಗಿಲಿಗೆ ಎಂಟು ಅಡಿ ಅಗಲದ ದಾರಿ. ಪಕ್ಕದ ಮೇಜಿನ ಡ್ರಾಫ್ಟ್ಸ್‌ಮನ್ ಇಟಾಲಿಯನ್ ಮುದುಕ. ನಾನು ಸ್ವೆಟರ್ ಹೆಣೆಯುತ್ತಿದ್ದೇನೆಂದು ನಗುತ್ತಿದ್ದ. ಕಟ್ಟಡ ಸಿದ್ಧವಾದ ಮೇಲೆ ನಾನೇ ಸಾಲುಸಾಲಾಗಿ ಹೋಗಿ ಒಬ್ಬೊಬ್ಬರಿಗೂ ಅವರವರ ಬಾಗಿಲು ತೋರಿಸಿದೆ. ಕೊನೆಯ ಕುರ್ಚಿಯವಳಿಗೆ, ಎಲ್ಲರೂ ಆ ಕಡೆ ಹೋದರೂ ನೀನು ಹೋಗಬೇಡ, ನಿನ್ನ ಬಾಗಿಲು ಇದು, ಹದಿನಾಲ್ಕು ಹೆಜ್ಜೆ ಎಂದೆ. ಅವಳು ಎಣಿಸಿ ನೋಡಿ, ತನ್ನ ಕಾಲಿಗೆ ಹದಿನಾರು ಎಂದಳು.

ಆಮೇಲೆ ನನ್ನ ದವಡೆ ಹಲ್ಲು ಕೀಳಿಸುವುದು ಬಂತು. ನಾಲ್ಕು ದಿನ ರಜೆ. ಹೊರಡುವ ಹಿಂದಿನ ದಿನ ಧಾರವಾಡದ ಹಿರಿಯರು, ಆ ಹಲಗೆ ನೋಡಿ ಬರೆದ ಮೂಲ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದರು. ನಕ್ಷೆಯ ಮೂಲೆಯಲ್ಲಿ ತಿದ್ದುಪಡಿಗಳ ಪಟ್ಟಿ ಇರುತ್ತದೆ. ಒಂದೊಂದು ತಿದ್ದುಪಡಿಗೆ ಒಂದೊಂದು ಚೌಕ, ಅದನ್ನು ಮಾಡಿದವನು ಅಲ್ಲಿ ಇನಿಷಿಯಲ್ ಹಾಕಬೇಕು. ಮೂರು ಚೌಕ ಖಾಲಿ ಇದ್ದವು.

“ಮೂರಕ್ಕೂ ಹಾಕಿ ಹೋಗು ತಮ್ಮಾ. ಸಣ್ಣಪುಟ್ಟದ್ದು ಇದ್ದರ ನಾ ಮಾಡಸ್ತೀನಿ. ನೀ ಬರೂತನಕ ಕೆಲಸ ನಿಲ್ಲಬಾರದು.”

ಹಾಕಿದೆ. ಪಕ್ಕದ ಇಟಾಲಿಯನ್ ತಲೆಯೆತ್ತಿ ನೋಡಿ, ತನ್ನ ಸ್ವಂತ ಅಣ್ಣ ಕೇಳಿದರೂ ಖಾಲಿ ಚೌಕಕ್ಕೆ ಹಾಕುವುದಿಲ್ಲ ಎಂದ. ಅವನಿಗೇನು ಗೊತ್ತು ಎನಿಸಿತು. ಯಾರ ಮನೆಯಲ್ಲಿ ಊಟ ಮಾಡುತ್ತೇನೋ ಅವರನ್ನು ‘ಯಾಕೆ ಸರ್’ ಎಂದು ಕೇಳುವುದು ನನ್ನ ಬಾಯಿಗೆ ಬರುವ ಮಾತಾಗಿರಲಿಲ್ಲ.

ಊದಿದ ಕೆನ್ನೆಯೊಡನೆ ವಾಪಸು ಬಂದ ದಿನ ನೋಡುತ್ತೇನೆ, ಡ್ರಮ್ಮುಗಳು ಒಳಗೆ ಬಂದಿವೆ. ಪೂರ್ವದ ಬಾಗಿಲಿನ ದಾರಿ ಒಂದೇ ಅಡಿ. ಹಲಗೆಯ ಮೇಲೆ ಹಸಿರು ದಾರಗಳನ್ನು ಕಿತ್ತು ಹಾಕಿದ್ದರು, ಸೂಜಿಯ ತೂತುಗಳು ಉಳಿದಿದ್ದವು. ಶೆಡ್ಡಿನಿಂದ ಡ್ರಮ್ ತರುವ ಓಡಾಟ ತಪ್ಪಿ ದಿನಕ್ಕೆ ಹೆಚ್ಚು ಶೀಸೆ ತುಂಬುತ್ತಿವೆ, ಮ್ಯಾನೇಜರ್ ಖುಷಿಯಾಗಿದ್ದಾನೆ ಎಂದು ಹಿರಿಯರು ಹೇಳಿದರು. ಬಾಗಿಲಿನ ವಿಷಯ ಎತ್ತಿದೆ. ಎರಡು ವಾರದ ಮಾತು, ಶೆಡ್ಡಿನಿಂದಲೇ ಥಿನ್ನರ್ ಎಳೆಯುವ ಹೊಸ ಪಂಪ್ ಬಂದ ಕೂಡಲೇ ಹೊರಗೆ ಹಾಕಿಸುತ್ತೇನೆ ಎಂದರು. ಎರಡು ವಾರ ಆರು ವಾರವಾಯಿತು. ನಾನು ಎರಡನೆಯ ಸಲ ಕೇಳಲಿಲ್ಲ.

ಬೆಂಕಿಯಾದ ಮೂರನೆಯ ದಿನ ಮ್ಯಾನೇಜರನ ಕೋಣೆಗೆ ಕರೆದರು. ಮೇಜಿನ ಮೇಲೆ ನಕ್ಷೆ. ಡ್ರಮ್ಮುಗಳು ಅಚ್ಚುಕಟ್ಟಾಗಿ ಆರು ವೃತ್ತಗಳಾಗಿ ಮೂಡಿದ್ದವು. ಚೌಕದಲ್ಲಿ ನನ್ನ ಇನಿಷಿಯಲ್. ಇದು ನಾನು ಬರೆದದ್ದಲ್ಲ ಎಂದೆ. ಅಕ್ಷರ ನಿನ್ನದು ಹೌದೋ ಅಲ್ಲವೋ ಎಂದು ಮ್ಯಾನೇಜರ್ ಕೇಳಿದ. ಹೌದು ಎಂದೆ. ನಾನು ಹಿರಿಯರ ಮುಖ ನೋಡಿದೆ. ಅವರು ನಕ್ಷೆಯನ್ನೇ ನೋಡುತ್ತ, ಹುಡುಗ ಚುರುಕು, ಅನುಭವ ಸಾಲದು, ಇದರಿಂದ ಪಾಠ ಕಲಿಯುತ್ತಾನೆ ಎಂದು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಹೇಳಿದರು. ಆ ಮೃದುತ್ವ ನನಗೆ ಗೊತ್ತಿತ್ತು. ಭಾನುವಾರ ಇನ್ನೊಂದು ಸೌಟು ಸಾರು ಬಡಿಸುವಾಗಿನ ದನಿ ಅದು.

ಕಾರುಗಳ ಹತ್ತಿರ ಅವರನ್ನು ತಡೆದು ನಿಲ್ಲಿಸಿದೆ.

“ನೀ ಒಬ್ಬನ ಇದ್ದೀ ತಮ್ಮಾ. ಇವತ್ತಲ್ಲ ನಾಳೆ ಇನ್ನೊಂದು ಕೆಲಸ ಸಿಗ್ತದ. ನನ್ನ ಗ್ರೀನ್ ಕಾರ್ಡ್ ಪೇಪರ್ ಇನ್ನೂ ಆ ಮನಿಷ್ಯಾನ ಟೇಬಲ್ ಮ್ಯಾಲ ಅದ.”

“ಆಕೆಯ ಕೈ ಸರ್?”

“ಕೈ ವಾಸಿ ಆಗ್ತಾವ.” ಕಾರಿನ ಬಾಗಿಲು ತೆಗೆದು, “ಭಾನುವಾರ ಊಟಕ್ಕ ಬರೂದು ಬಿಡಬ್ಯಾಡ. ನಿಮ್ಮ ವೈನಿ ಬ್ಯಾಸರ ಮಾಡ್ಕೋತಾಳ” ಎಂದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಕ್ಷೆಗಳಿಂದ ದೂರವಿಟ್ಟು, ಪ್ರಿಂಟ್ ತೆಗೆಯುವ ಯಂತ್ರದ ಮುಂದೆ ನಿಲ್ಲಿಸಿದರು. ಆ ಯಂತ್ರದ ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ದಿಂಬಿಗೆ ತಲೆ ಕೊಟ್ಟರೆ ಆ ನೀಲಿ ಹರಿಯುತ್ತಿತ್ತು, ಅವಳು ಏಳುತ್ತಿದ್ದಳು, ಹದಿನಾರು ಹೆಜ್ಜೆ ಇಡುತ್ತಿದ್ದಳು. ಒಮ್ಮೊಮ್ಮೆ ಮನಸ್ಸಿನಲ್ಲೇ ಡ್ರಮ್ಮುಗಳನ್ನು ಹೊರಗೆ ಉರುಳಿಸಿ ದಾರಿ ಬಿಡಿಸುತ್ತಿದ್ದೆ. ಮುಂದಿನ ಕ್ಷಣ ಅವು ಮತ್ತೆ ಅಲ್ಲೇ.

ಒಂದು ದಿನ ಪ್ರಿಂಟ್ ತೆಗೆಯಲು ನನ್ನ ಕೈಗೆ ಬಂದ ಕಾಗದಗಳಲ್ಲಿ ಬೆಂಕಿಯ ವರದಿ ಇತ್ತು. ಡ್ರಮ್ಮುಗಳನ್ನು ಒಳಗೆ ತಂದದ್ದು ಕಿರಿಯ ಎಂಜಿನಿಯರನ ಅನನುಭವ ಎಂದು ಒಂದು ಸಾಲು. ಅದರ ಕೆಳಗೆ, ಎಲ್ಲ ಕೆಲಸಗಾರರೂ ಸರಿಯಾದ ಬಾಗಿಲಿಂದ ಹೊರಬಂದರು, ಒಬ್ಬಳು ಮಾತ್ರ ಗಾಬರಿಯಲ್ಲಿ ತಪ್ಪು ಬಾಗಿಲಿಗೆ ಓಡಿ ಗಾಯ ಮಾಡಿಕೊಂಡಳು ಎಂದು ಇನ್ನೊಂದು. ಮೊದಲ ಸಾಲನ್ನು ನುಂಗಿಕೊಂಡಿದ್ದೆ. ಎರಡನೆಯದು ನುಂಗುವಂಥದ್ದಾಗಿರಲಿಲ್ಲ.

ಶನಿವಾರ ಬಸ್ಸಿನಲ್ಲಿ ಅವಳಿದ್ದ ಊರಾದ ಪರ್ತ್ ಆಂಬಾಯ್‌ಗೆ ಹೋದೆ. ಎರಡನೆಯ ಮಹಡಿಯ ಮನೆ. ಬಾಗಿಲು ತೆರೆದ ಮಗಳು ನನ್ನನ್ನು ಒಳಗೆ ಬಿಡಲು ಅನುಮಾನಿಸಿದಳು. ಒಳಗಿನಿಂದ ದನಿ ಬಂತು: “ಹದಿನಾಲ್ಕು ಹೆಜ್ಜೆಯವನು ಬಂದನೇ? ಬರಲಿ ಬಿಡು.”

ಅವಳ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅಂಗೈಯ ಚರ್ಮ ಮಿರಮಿರ ಬಿಗಿದಿತ್ತು. ವರದಿಯ ವಿಷಯ ಅವಳಿಗೆ ಗೊತ್ತಿತ್ತು, ಓದಿ ಹೇಳಿದ್ದರಂತೆ. ಆ ಜಾಗವನ್ನು ಬರೆದು ತೋರಿಸು ಎಂದಳು. ಅಂಗಡಿಯ ಕಂದು ಚೀಲವನ್ನು ಹರಿದು ಹರಡಿ, ಸಾಲುಗಳನ್ನು, ಅವಳ ಕುರ್ಚಿಯನ್ನು, ಬಾಗಿಲನ್ನು, ನಾನು ಮೊದಲು ಬಿಟ್ಟಿದ್ದ ದಾರಿಯನ್ನು ಬರೆದೆ. ಡ್ರಮ್ಮುಗಳು ಹೇಗೆ ಬಂದವೆಂದೂ, ಖಾಲಿ ಚೌಕಕ್ಕೆ ನಾನು ಇನಿಷಿಯಲ್ ಹಾಕಿದ್ದೆನೆಂದೂ ಹೇಳಿದೆ.

“ಅವು ಅಲ್ಲಿದ್ದದ್ದು ನಿನಗೆ ಗೊತ್ತಿತ್ತೇ?”

“ಗೊತ್ತಿತ್ತು. ಆರು ವಾರ.”

ಅವಳು ಮಡಚದ ಬೆರಳೊಂದನ್ನು ಕಾಗದದ ಮೇಲಿನ ದಾರಿಗೆ ಇಟ್ಟಳು. “ನಾನೂ ದಿನಾ ನೋಡುತ್ತಿದ್ದೆ. ನೀನು ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ, ಏನೂ ಹೇಳಲಿಲ್ಲ. ನೀನು ಸುಮ್ಮನಿದ್ದೀ ಅಂದಮೇಲೆ ಸರಿಯಾಗಿಯೇ ಇರಬೇಕು ಅಂದುಕೊಂಡೆ.”

ಹಿರಿಯರನ್ನು ನಂಬಿ ಕೆಟ್ಟೆನೆಂದು ಇಷ್ಟು ತಿಂಗಳು ನಾನು ನನಗೇ ಹೇಳಿಕೊಂಡಿದ್ದೆಲ್ಲ ಆ ಮಾತಿನಲ್ಲಿತ್ತು. ಹೇಳಿದವಳು ಮಾತ್ರ ಅವಳು, ಕೇಳುತ್ತಿದ್ದವನು ನಾನು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ತಲೆಯಾಡಿಸಿ, ಅದು ಬೇಡ, ನಾನು ಸರಿಯಾದ ಬಾಗಿಲಿಗೇ ಓಡಿದೆ ಅಂತ ಬರೆದುಕೊಡು, ಯೂನಿಯನ್ನಿನವರಿಗೆ ಕೊಡುತ್ತೇನೆ ಎಂದಳು.

ಮಗಳು ಶಾಲೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ಬರೆಯುತ್ತ ಬರೆಯುತ್ತ ಎರಡು ಪುಟವಾಯಿತು. ಆ ಬಾಗಿಲನ್ನು ತೋರಿಸಿಕೊಟ್ಟದ್ದು ನಾನು. ಮುಚ್ಚಿದ್ದನ್ನು ಕಂಡೂ ಸುಮ್ಮನಿದ್ದದ್ದು ನಾನು. ಡ್ರಮ್ಮುಗಳನ್ನು ತರಿಸಿದವರು ಯಾರು ಎಂದೂ ಬರೆದೆ. ಮಗಳು ಜೋರಾಗಿ ಓದಿದಳು. ತಾಯಿ ಕಣ್ಣು ಮುಚ್ಚಿ ಕೇಳಿ, ಮಡಚಿ ಒಳಗಿಡು ಎಂದಳು. ನನಗೆ ಕಾಫಿ ಕೊಡಲಿಲ್ಲ, ಮತ್ತೆ ಬಾ ಎನ್ನಲೂ ಇಲ್ಲ.

ಸೋಮವಾರ ಕೆಲಸ ಹೋಗುವುದು ಖಚಿತ, ಧಾರವಾಡದವರ ಮನೆಯ ಬಾಗಿಲು ಮುಚ್ಚುವುದೂ ಖಚಿತ ಎಂದು ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಎರಡೂ ಹಾಗೆಯೇ ಆದವು. ಆದರೆ ಅದಕ್ಕೆ ಮೊದಲು ಭಾನುವಾರ ಬಂತು. ಕೆಳಗಿನ ಮನೆಯವರು ಹಿಮ ಗೋರುವ ಸದ್ದಿಗೆ ಕಣ್ಣು ಬಿಟ್ಟಾಗ ಕಿಟಕಿ ಪೂರ್ತಿ ಬೆಳಗಾಗಿತ್ತು. ಹಿಂದಿನ ಸಂಜೆಯ ಷರ್ಟು ಇನ್ನೂ ಮೈಮೇಲೇ ಇತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.