ಷಾಹೀನ್ ಮೇಡಂ ಮತ್ತು ಒಂದು ಕೊಡಲಿಯ ಮಾತು

ಷಾಹೀನ್ ಮೇಡಂ ಪಾಠ ಒಪ್ಪಿಸಿಕೊಳ್ಳುವಾಗ ನಮಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮುಖ ಗೋಡೆಯ ಕಡೆ, ಎರಡೂ ಕೈ ಹಿಂದೆ, ತಲೆಯ ಮೇಲಿನ ದುಪಟ್ಟಾ ಕಿವಿಯ ಹಿಂದಕ್ಕೆ. ಒಬ್ಬೊಬ್ಬರೇ ಎದ್ದು ಅಂದು ಕಲಿತ ಇಂಗ್ಲಿಷ್ ನುಡಿಗಟ್ಟನ್ನು ಒಂದು ವಾಕ್ಯದಲ್ಲಿ ಸೇರಿಸಿ ಹೇಳಬೇಕಿತ್ತು. ಹೇಳಿದ್ದು ಸಿಟ್ಟಿನಿಂದಲೋ ತಮಾಷೆಗೋ ಎಂಬುದು ದನಿಯಲ್ಲೇ ಅವರಿಗೆ ತಿಳಿಯಬೇಕು. ತಿಳಿಯದಿದ್ದರೆ ಮತ್ತೆ ಹೇಳಿಸುತ್ತಿದ್ದರು. "ಮಾರಿ ನೋಡಿದ್ರ ನಾ ಮಾರಿನ ಓದತೀನಿ, ಮಾತು ಓದಂಗಿಲ್ಲ" ಎನ್ನುತ್ತಿದ್ದರು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರದು ಎತ್ತರದ ಚಾವಣಿಯ ಹಳೆಯ ಮನೆ. ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತರಾದ ಮೇಲೆ, ಭಾನುವಾರ ಬೆಳಗ್ಗೆ ಮುಂದಿನ ಕೋಣೆಯಲ್ಲಿ ಹಿಂದಿ ಮಾತಾಡುವವರಿಗಾಗಿ ಇಂಗ್ಲಿಷ್ ತರಗತಿ ನಡೆಸುತ್ತಿದ್ದರು. ಉಕ್ಕಿನ ಕಾರ್ಖಾನೆಯ ನೌಕರರ ಹೆಂಡಂದಿರು, ಟೈಲ್ಸ್ ಹಾಕುವವರು, ಅಕ್ಕಿ ಗಿರಣಿಗಳ ಯಂತ್ರ ನಡೆಸುವವರು ಬರುತ್ತಿದ್ದರು. ಅವರ ನಡುವೆ ನಾನೊಬ್ಬಳೇ ಕನ್ನಡದವಳು, ಊರು ಸಿರುಗುಪ್ಪದ ಹತ್ತಿರದ ದೇಶನೂರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಭಾನುವಾರ ಬಿಟ್ಟರೆ ಬಿಡುವಿಲ್ಲ. ನನ್ನ ಹಿಂದಿ ಬರೀ ಸಿನಿಮಾದ ಹಿಂದಿ. ಹಾಗಾಗಿ ಅಲ್ಲಿ ನಾನು ಎರಡು ಭಾಷೆ ಕಲಿಯಬೇಕಾಯಿತು.

ಅವರು ಅರ್ಥ ಹೇಳುತ್ತಿದ್ದ ರೀತಿಯೇ ಬೇರೆ. 'ಒನ್ಸ್ ಇನ್ ಎ ಬ್ಲೂ ಮೂನ್' ಬಂದ ದಿನ ಎಲ್ಲರೂ ಒಟ್ಟಿಗೆ 'ಈದ್ ಕಾ ಚಾಂದ್' ಎಂದು ಕೂಗಿದರು. ಮೇಡಂ ಒಪ್ಪಲಿಲ್ಲ. ಈದಿನ ಚಂದ್ರ ಎಂದು ಹಿಂದಿಯಲ್ಲಿ ಅನ್ನುವುದು ಅಪರೂಪಕ್ಕೆ ಮುಖ ತೋರಿಸುವ ಮನುಷ್ಯನಿಗೆ. ಅದರಲ್ಲಿ ಪ್ರೀತಿಯ ದೂರು ಇರುತ್ತದೆ. ಇಂಗ್ಲಿಷಿನ ಚಂದ್ರ ಅಪರೂಪಕ್ಕೆ ನಡೆಯುವ ಸಂಗತಿಗೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೇಳುವವನು ತಪ್ಪು ತಿಳಿಯುತ್ತಾನೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ದೇಶನೂರಿನಲ್ಲಿ ಏನನ್ನುತ್ತೀರಿ ಎಂದು ಕೇಳಿದರು. "ಅಮಾಸಿಗೊಮ್ಮಿ ಹುಣ್ಣಿವಿಗೊಮ್ಮಿ" ಎಂದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹಾಗೆ ನಗುವುದು ಕಡಿಮೆ. ಯಾರನ್ನೂ ಹೊಗಳುತ್ತಿರಲಿಲ್ಲ. ಥ್ಯಾಂಕ್ಸ್ ಹೇಳಲು ಹೋದರೆ, "ನಡೀರಿ, ಬಸ್ಸು ತಪ್ಪತೈತಿ" ಎಂದು ಬಾಗಿಲು ತೋರಿಸುತ್ತಿದ್ದರು. ಮಾತುಮಾತಿಗೆ ಸಾರಿ ಅನ್ನುವವರನ್ನು ಕಂಡರಂತೂ ಆಗುತ್ತಿರಲಿಲ್ಲ. ಅದು ಜೇಬಿನಲ್ಲಿಟ್ಟುಕೊಂಡು ತಿರುಗುವ ಕರ್ಚೀಫಲ್ಲ ಎಂದು ಗದರುತ್ತಿದ್ದರು. ಅವರ ಬಾಯಲ್ಲಿ ಆ ಮಾತು ಬಂದದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ತರಗತಿಯಲ್ಲಿ ರಾಕೇಶನಷ್ಟು ಆಸೆಯಿಂದ ಕಲಿಯುತ್ತಿದ್ದವರು ಮತ್ತೊಬ್ಬರಿರಲಿಲ್ಲ. ಜಾರ್ಖಂಡಿನವನು, ಸಿರುಗುಪ್ಪದ ಹತ್ತಿರದ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಒಣಗಿಸುವ ಡ್ರೈಯರ್ ನೋಡಿಕೊಳ್ಳುತ್ತಿದ್ದ. ಯಂತ್ರ ರಿಪೇರಿಗೆ ಕಂಪನಿಯಿಂದ ಬರುವ ಎಂಜಿನಿಯರುಗಳ ಹಾಗೆ ತಾನೂ ಊರೂರು ತಿರುಗಬೇಕು ಎಂಬುದು ಅವನ ಕನಸು. ಕಲಿತದ್ದನ್ನು ಅಂದೇ ಬಳಸದಿದ್ದರೆ ಅವನಿಗೆ ಸಮಾಧಾನವಿಲ್ಲ. ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದು ಕಂಡಕ್ಟರಿಗೆ 'ಪೀಸ್ ಆಫ್ ಕೇಕ್', ಅಂದರೆ ಇದೇನು ಮಹಾ ಕಷ್ಟ, ಎಂದು ಬೈಸಿಕೊಂಡವನು.

ಒಂದು ಭಾನುವಾರ ಮೇಡಂ 'ಬರಿ ದ ಹ್ಯಾಚೆಟ್' ಕಲಿಸಿದರು. ಹ್ಯಾಚೆಟ್ ಅಂದರೆ ಸಣ್ಣ ಕೊಡಲಿ, ಬರಿ ಅಂದರೆ ಹೂಳುವುದು. ಜಗಳವಾಡಿದ ಇಬ್ಬರೂ ಆಯುಧವನ್ನು ಮಣ್ಣಿನಲ್ಲಿ ಹೂತು ರಾಜಿಯಾಗುವುದು ಎಂದು ಬಿಡಿಸಿ ಹೇಳಿದರು. ರಾಕೇಶ ಆ ದಿನ ಸುಮ್ಮನೆ ಕೂತಿದ್ದ. ಹಿಂದಿನ ವಾರ ಗಿರಣಿಯಲ್ಲಿ ಅವನಿಗೂ ಸೂಪರ್‌ವೈಸರ್ ಪಂಪನಗೌಡರಿಗೂ ಭತ್ತ ಸರಿಯಾಗಿ ಒಣಗಿಲ್ಲ ಎಂಬ ವಿಷಯಕ್ಕೆ ಜಗಳವಾಗಿತ್ತು. ಗೌಡರು ಎಲ್ಲರೆದುರಿಗೆ ಇವನ ಅಂಗಿ ಹಿಡಿದಿದ್ದರು, ಇವನು ಕೈ ಕೊಡವಿ ಅವರನ್ನು ನೂಕಿದ್ದ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮಂಗಳವಾರ ಬೆಳಗ್ಗೆ ಮೇಡಂ ಅವರ ಸಕ್ಕರೆಯ ರಿಪೋರ್ಟ್ ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಆಗಲೇ ರಾಕೇಶನ ಫೋನು ಬಂತು. ಠಾಣೆಗೆ ಕರೆತಂದಿದ್ದಾರೆ, ಒಂದೇ ಒಂದು ಕರೆಗೆ ಬಿಟ್ಟಿದ್ದಾರೆ ಎಂದ. ಹಿಂದಿನ ಸಂಜೆ ಅವನು ಗೌಡರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದ್ದನಂತೆ. ನಾಳೆ ನಿಮ್ಮ ಜೊತೆ ಹ್ಯಾಚೆಟ್ ಹೂಳುತ್ತೇನೆ, ಹಿಂದಿನ ಗೇಟಿಗೆ ಒಬ್ಬರೇ ಬನ್ನಿ ಎಂದು. ಇವನಿಗೆ ಕನ್ನಡ ಬರೆಯಲು ಬಾರದು, ಗೌಡರಿಗೆ ಹಿಂದಿ ಓದಲು ಬಾರದು. ಇಂಗ್ಲಿಷಾದರೆ ಮರ್ಯಾದೆಯಾಗಿರುತ್ತದೆ ಎಂದುಕೊಂಡಿದ್ದ. ಗೌಡರು ಮಗಳ ಡಿಕ್ಷನರಿ ತೆಗೆದು ನೋಡಿದ್ದರು. ಕೊಡಲಿ ಎಂದಿತ್ತು, ಹೂಳುವುದು ಎಂದಿತ್ತು.

ಮೇಡಂ ಕುರ್ಚಿ ಹಿಡಿದುಕೊಂಡು ಕೂತರು. ಪಂಪನಗೌಡರು ನಿಮ್ಮ ಊರಿನವರೇನು ಎಂದು ಕೇಳಿದರು. ನಮ್ಮ ಓಣಿಯವರೇ, ಕಾಕಾ ಅನ್ನುತ್ತೇನೆ ಎಂದೆ. "ಹಂಗಾರ ನಡಿ" ಎಂದು ಎದ್ದೇಬಿಟ್ಟರು. ಬೆಳಗಿನ ಗುಳಿಗೆಯನ್ನೂ ನುಂಗಲಿಲ್ಲ. ನಾನು ಲ್ಯಾಬಿಗೆ ಫೋನಿನಲ್ಲೇ ರಜೆ ಹೇಳಿದೆ.

ಸಿರುಗುಪ್ಪದ ಬಸ್ಸು ಅಂದು ತೆವಳುತ್ತಿತ್ತು. ನನ್ನ ಫೋನಿಗೆ ಊರಿನಿಂದ ಒಂದರ ಮೇಲೊಂದು ಸುದ್ದಿ. ಗಿರಣಿಯ ಹಮಾಲರು ಕೆಲಸ ನಿಲ್ಲಿಸಿದ್ದಾರೆ, ಹಿಂದಿಯವರೆಲ್ಲ ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು ಅನ್ನುತ್ತಿದ್ದಾರೆ, ರಾಕೇಶನ ಜೊತೆಯವರು ರೂಮಿನ ಬಾಗಿಲು ಹಾಕಿಕೊಂಡು ಒಳಗಿದ್ದಾರೆ. ಒಂದೊಂದನ್ನೂ ಮೇಡಂಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ತೆಕ್ಕಲಕೋಟೆ ದಾಟಿದ ಮೇಲೆ ಒಂದೇ ಮಾತು ಕೇಳಿದರು: ಗೌಡರ ಹೆಂಡತಿಯ ಹೆಸರೇನು? ಶಾಂತಮ್ಮ ಎಂದೆ.

ಠಾಣೆಯ ಅಂಗಳದಲ್ಲಿ ಗಿರಣಿಯ ಜನ ಗುಂಪುಗುಂಪಾಗಿ ನಿಂತಿದ್ದರು. ನಾವು ಒಳಗೆ ಹೋಗುವಾಗ ಯಾರೋ, "ಈಕಿನ ಏನು ಅವಗ ಕಲಿಸಿದಾಕಿ?" ಎಂದರು. ದಾರಿ ಬಿಡಲು ಒಂದು ಗಳಿಗೆ ತಡ ಮಾಡಿದರು. ಮೇಡಂ ನನ್ನ ಮಣಿಕಟ್ಟು ಹಿಡಿದಿದ್ದರು.

ಪಿಎಸ್ಐ ಸಮಾಧಾನದ ಮನುಷ್ಯ, ನಮಗೆ ಕುರ್ಚಿ ಹಾಕಿಸಿದರು. ಗೌಡರ ದೂರು ಮೇಜಿನ ಮೇಲಿತ್ತು, ಕೇಸು ಇನ್ನೂ ದಾಖಲಾಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ ರಾಕೇಶ ನಮ್ಮನ್ನು ಕಂಡು ತಲೆ ತಗ್ಗಿಸಿದ. ಮೇಡಂ ಮೆಸೇಜನ್ನು ಓದಿ, ಆ ಮಾತಿನ ಅರ್ಥ ಹೇಳಿದರು. ಪಿಎಸ್ಐ ತಮ್ಮ ಫೋನಿನಲ್ಲಿ ಹುಡುಕಿ ನೋಡಿ, ಹೌದು, ರಾಜಿಯಾಗುವುದು ಅಂತಲೇ ಇದೆ ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಗೌಡರ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ಅರ್ಥ ಏನರ ಇರ್ಲಿ ಸಾಹೇಬ್ರ. ಒಬ್ರ ಬರ್ರಿ ಅಂತ ಯಾಕ ಬರದ? ಹಿಂದಿನ ಗೇಟಿಗಿ ಯಾಕ ಕರದ?" ಎಂದರು.

ಎಲ್ಲರೆದುರು ಕಾಲು ಮುಟ್ಟಲು ನಾಚಿಕೆಯಾಗಿತ್ತು ಎಂದು ರಾಕೇಶ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಗೌಡರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಡಂ ಕಡೆ ತಿರುಗಿದರು.

"ನೀವು ಕಲಿತೋರು. ಈಗ ಅದಕ್ಕ ಅರ್ಥ ಬ್ಯಾರೆ ಐತಿ ಅಂತೀರಿ. ಹಂಗಾರ ನಾ ಹೆದರಿದ್ದು ಸುಳ್ಳೇನ್ರಿ? ನನ್ನ ಹೆಂಡ್ತಿ ಬೆಳತನಕ ಬಾಗಲಕ್ಕ ಬೆನ್ನು ಹಚ್ಚಿ ಕುಂತಿದ್ಲು. ಅದೂ ಸುಳ್ಳೇನು?"

ಹೊರಗಿನ ಜನರ ಗುಜುಗುಜು ಒಳಗೆ ಕೇಳುತ್ತಿತ್ತು. ಮೇಡಂ ಈಗ ವಾದಕ್ಕಿಳಿಯುತ್ತಾರೆ ಎಂದು ನಾನು ಹೆದರಿದೆ. ತರಗತಿಯಲ್ಲಿ ಅವರ ಮಾತಿಗೆ ಎದುರಾಡಿ ಗೆದ್ದವರಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತರು.

"ಸುಳ್ಳಲ್ಲ ಗೌಡ್ರ. ಆ ಮಾತು ನನ್ನ ಫೋನಿಗಿ ಬಂದಿದ್ರ ನಾನೂ ಹೆದರತಿದ್ದೆ. ಹುಡುಗಂದೇನು ತಪ್ಪಿಲ್ಲ, ತಪ್ಪು ನಂದು. ಅರ್ಥ ಕಲಿಸಿದೆ. ಯಾರ ಮುಂದ ಅನ್ನಬಾರದು ಅನ್ನೋದು ಕಲಿಸಲಿಲ್ಲ. ಕ್ಷಮಾ ಮಾಡ್ರಿ."

ಆಮೇಲೆ ರಾಕೇಶನಿಗೆ, ಇಂಗ್ಲಿಷ್ ಬಿಡು, ನಿನ್ನ ತಾಯಿಯ ಹತ್ತಿರ ಹೇಗೆ ಹೇಳುತ್ತಿದ್ದೆಯೋ ಹಾಗೆ ಹೇಳು ಎಂದರು. ರಾಕೇಶ ಕೈ ಮುಗಿದ. "ಗಲ್ತೀ ಹೋ ಗಯೀ ಗೌಡಾಜೀ. ಮಾಫ್ ಕರ್ ದೀಜಿಯೇ" ಎಂದ. ಅಷ್ಟು ಹಿಂದಿ ಗೌಡರಿಗೆ ತಿಳಿಯುತ್ತಿತ್ತು. ಕೊನೆಗೆ ಅವರು ದೂರನ್ನು ವಾಪಸ್ ತೆಗೆದುಕೊಂಡರು. ಆದರೆ ಇವನನ್ನು ನಮ್ಮ ಮಿಲ್ಲಿಗೆ ಮಾತ್ರ ಕಳಿಸಬೇಡಿ ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಪಿಎಸ್ಐ ತಾವೇ ಅಂಗಳಕ್ಕೆ ಬಂದು, ದೂರಿಲ್ಲ, ಕೆಲಸಕ್ಕೆ ಹೋಗಿ, ಉಳಿದ ಹಿಂದಿಯವರ ತಂಟೆಗೆ ಯಾರೂ ಹೋಗಕೂಡದು ಎಂದರು. ಜನ ಒಲ್ಲದ ಮನಸ್ಸಿನಿಂದ ಚದುರಿದರು.

ರಾಕೇಶನನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದೆವು. ಮೇಡಂ ತಾವು ಹತ್ತಲಿಲ್ಲ. ದೇಶನೂರಿಗೆ ಆಟೋ ಹಿಡಿ ಎಂದರು. ಗೌಡರು ಇನ್ನೂ ಸಿಟ್ಟಿನಲ್ಲಿರುತ್ತಾರೆ, ಇಂದು ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಹೊರಟದ್ದು ಗೌಡರನ್ನು ನೋಡಲು ಅಲ್ಲ, ಶಾಂತಮ್ಮನನ್ನು ನೋಡಲು.

ಗೌಡರು ಮನೆಯಲ್ಲಿರಲಿಲ್ಲ. ಶಾಂತಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಮೇಡಂ ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ಅವಳಲ್ಲೂ ಕ್ಷಮೆ ಕೇಳಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ನೀವು ಹೇಳಿದ್ದು ತಿಳೀತ್ರಿ" ಎಂದಳು. "ಆದ್ರ ಬಾಗಲಾ ಸಪ್ಪಳಾದ್ರ ಎದಿ ಇನ್ನೂ ಹಾರತೈತಿ. ಅದಕ್ಕ ಏನ್ ಮಾಡ್ಲಿ?"

"ಖರೇ ಐತವ್ವಾ" ಎಂದರು ಮೇಡಂ.

ಆಮೇಲೆ ಕೆಲವು ವಾರ ತರಗತಿ ನಿಂತಿತ್ತು. ಮತ್ತೆ ಶುರುವಾದಾಗ ಪ್ರತಿ ನುಡಿಗಟ್ಟಿನ ಜೊತೆ ಅದನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಕಲಿಸುತ್ತಿದ್ದರು. ಒಮ್ಮೊಮ್ಮೆ ಅದೇ ಪಾಠದ ಮುಕ್ಕಾಲು ಭಾಗವಾಗುತ್ತಿತ್ತು. ಕುರುಗೋಡು ಅವರ ತವರು. ಅಲ್ಲಿ ಅವರಿವರನ್ನು ಕೇಳಿ, ಬಿಸಿಲಿನಲ್ಲಿ ಗಿರಣಿಯಿಂದ ಗಿರಣಿಗೆ ತಿರುಗಿ ರಾಕೇಶನಿಗೆ ಕೆಲಸ ಕೊಡಿಸಿದರು. ಅವನು ಭಾನುವಾರ ಬರುವುದನ್ನು ಬಿಡಲಿಲ್ಲ. ಗೌಡರು ಮಾತ್ರ ಊರಿನಲ್ಲಿ ಎದುರಾದರೆ ನನ್ನನ್ನೂ ಮಾತಾಡಿಸದೆ ಮುಂದೆ ಹೋಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಮೇಡಂ ಚಹಾಕ್ಕೆ ನೀರಿಟ್ಟು ಬಂದು ಕೂತವರು ಏಳಲೇ ಇಲ್ಲ. ಹೃದಯ ನಿಂತಿತ್ತು. ಕುರುಗೋಡಿನಿಂದ ಅವರ ತಂಗಿಯ ಮನೆಯವರು ಬಂದರು. ಮಧ್ಯಾಹ್ನ ಗಂಡಸರು ಖಬರಸ್ತಾನಕ್ಕೆ ಹೋಗಿ ಬಂದು, ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರೇ ಹೊರಡುತ್ತಿದ್ದರು. ರಾಕೇಶ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದ.

ಆಗ ಪಂಪನಗೌಡರು ಗೇಟು ತೆಗೆದುಕೊಂಡು ಬಂದರು. ಇಂಥ ದಿನ ಇಲ್ಲಿ ಮತ್ತೆ ಮಾತು ಬೆಳೆಯದಿದ್ದರೆ ಸಾಕು ಎಂದುಕೊಂಡು ಅಡ್ಡ ನಿಲ್ಲುವವಳಂತೆ ಮುಂದೆ ಹೋದೆ. ಗೌಡರು ಟವೆಲಿನಿಂದ ಮುಖ ಒರೆಸಿಕೊಂಡರು. ನಿಮ್ಮಪ್ಪನಿಂದ ಸುದ್ದಿ ತಿಳಿಯಿತು, ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟಲಾಗಲಿಲ್ಲ ಎಂದರು.

"ನಿಮ್ಮ ಮೇಡಂ ನಮ್ಮಾಕಿಗೆ ವಾರ ವಾರ ಫೋನ್ ಮಾಡತಿದ್ರು. ನಿದ್ದಿ ಬರತೈತೇನವ್ವಾ ಅಂತ ಕೇಳತಿದ್ರು, ಅಷ್ಟ. ಮೊದಮೊದಲು ಈಕಿ ಫೋನ್ ಎತ್ತತಿರಲಿಲ್ಲ. ಆಮ್ಯಾಲ ತಾಸುಗಟ್ಲೆ ಮಾತಾಡಾಕ ಹತ್ತಿದ್ಲು. ನಿನಗ ಹೇಳಿರಲಿಲ್ಲೇನು?"

ಹೇಳಿರಲಿಲ್ಲ. ಪ್ರತಿ ಭಾನುವಾರ ಅವರ ಮುಂದೆ ಕೂತವಳಿಗೂ ಒಂದು ಮಾತು ಹೇಳಿರಲಿಲ್ಲ.

ಗೌಡರು ಕಟ್ಟೆಯ ಕಡೆ ನೋಡುತ್ತಿದ್ದರು. "ಬೆಳಗ್ಗಿಂದ ಹಿಂಗ ಕುಂತಾನೇನು?" ಎಂದರು. ಹೌದು, ನೀರೂ ಕುಡಿದಿಲ್ಲ ಎಂದೆ. ಸಮಾಧಾನ ಮಾಡಿಕೋ ಎನ್ನಲು ಹಿಂದಿಯಲ್ಲಿ ಏನನ್ನುತ್ತಾರೆ ಎಂದು ಕೇಳಿದರು. ನಾನು ಸರಿಯಾದ ಮಾತನ್ನು ಹುಡುಕುತ್ತಿದ್ದೆ. ಗೌಡರು ಅದಕ್ಕೆ ಕಾಯಲಿಲ್ಲ. ಹೋಗಿ ರಾಕೇಶನ ಪಕ್ಕದಲ್ಲಿ ಕೂತರು.

"ಏಳಪ್ಪಾ, ಏನರ ತಿನ್ನು" ಎಂದರು.

ರಾಕೇಶ ತಲೆ ಎತ್ತಿ ಅವರನ್ನು ನೋಡಿದ. ಗೌಡರು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಇಬ್ಬರೂ ಗೇಟು ದಾಟಿ, ರಸ್ತೆಯಾಚೆಯ ಹೋಟೆಲಿನ ಕಡೆಗೆ ನಡೆದರು.