ಎಲ್ಲಿಗೂ ಹೋಗದ ಜಿಂಕೆ

ಸೂರ್ಯ ಈಗಷ್ಟೇ ಎದುರಿನ ದಿಬ್ಬದ ಮೇಲೆ ತಲೆ ಎತ್ತಿದ್ದಾನೆ. ಗವಿಯ ಬಾಯಲ್ಲಿ ನಿಂತ ಕಾವಲುಗಾರ, ಅಂಚು ಒಡೆದ ಒಂದು ಗೋಡೆಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸುತ್ತಿದ್ದಾರೆ. ಒಳಗೆ ಚಪ್ಪಟೆ ಕಲ್ಲಿನ ಮೇಲೆ ಕುಳಿತ ಹಿರಿಯ ಹೆಂಗಸು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಎದುರಿನ ಬಂಡೆಯನ್ನು ನೋಡುತ್ತಾರೆ. "ಇಲ್ಲ" ಎನ್ನುತ್ತಾರೆ. ಕೈ ಬದಲಿಸಿ ಎಡಗಣ್ಣು ಮುಚ್ಚಿಕೊಳ್ಳುತ್ತಾರೆ. "ಇದೆ." ಮತ್ತೆ ಬಲಗಣ್ಣು ಮುಚ್ಚಿ, "ಇಲ್ಲ." ಮತ್ತೆ ಎಡಗಣ್ಣು ಮುಚ್ಚಿ, "ಇದೆ, ಇದೆ."

ಮೂವತ್ತು ವರ್ಷ ಬಂಡೆಚಿತ್ರಗಳ ಹಿಂದೆ ಬಿದ್ದ ಪುರಾತತ್ವ ತಜ್ಞೆಯೊಬ್ಬರು ನಿವೃತ್ತಿಯ ಹೊಸ್ತಿಲಲ್ಲಿ ಹೀಗೆ ಕಣ್ಣಾಮುಚ್ಚಾಲೆ ಆಡುವುದನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಕಾವಲುಗಾರನಿಗಂತೂ ದಿನಾ ಬರುತ್ತದೆ.

"ಅದೇನು ರಾತ್ರೋರಾತ್ರಿ ಓಡಿಹೋಗುತ್ತಾ ಅಕ್ಕ?"

"ಒಂದು ಸಲ ಓಡಿಹೋಗಿತ್ತಲ್ಲಪ್ಪ. ಅದಕ್ಕೇ ಭಯ."

ಅವರು ಹುಡುಕುತ್ತಿರುವುದು ಒಂದು ಬಿಳಿ ಜಿಂಕೆಯನ್ನು. ಸಾವಿರಾರು ವರ್ಷಗಳ ಹಿಂದೆ ಯಾರೋ ಬೆರಳಿನಿಂದಲೋ ಕಡ್ಡಿಯಿಂದಲೋ ಈ ಮಾಸಲು ಕಲ್ಲಿನ ಮೇಲೆ ಎಳೆದ ನಾಲ್ಕೈದು ಗೆರೆ, ಅಷ್ಟೆ. ಆ ಗೆರೆಗಳ ಮೇಲೆ ಮತ್ತೆ ತೆಗೆಯಲಾಗದಂಥ ಲೇಪವೊಂದು ಇತ್ತೀಚೆಗೆ ಬೀಳುವುದರಲ್ಲಿತ್ತು. ಅದೂ ಇವರದೇ ಮಾತಿನ ಮೇಲೆ! ಅದು ತಪ್ಪಿತಲ್ಲ ಎಂಬ ಸಮಾಧಾನದಲ್ಲಿ ಇವರು ಈಗಲೂ ದಿನಕ್ಕೆ ಹತ್ತು ಸಲ ನಿಟ್ಟುಸಿರು ಬಿಡುತ್ತಾರೆ.

ಗವಿಯ ಕೆಳಗಿನ ಊರಿನವರಿಗೆ ಇವರು 'ಕಲ್ಲಕ್ಕ'. ಮೊದಮೊದಲು ಆ ಹೆಸರಲ್ಲಿ ಚೇಷ್ಟೆಯೇ ಹೆಚ್ಚಿತ್ತು. ಬೆನ್ನಿಗೊಂದು ಚೀಲ, ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆಯ ಸುರುಳಿ, ತಲೆಗೆ ಅಗಲ ಟೋಪಿ ಹಾಕಿಕೊಂಡು ಒಬ್ಬಳೇ ಗುಡ್ಡ ಹತ್ತಿ, ದಿನವಿಡೀ ಬಂಡೆಯನ್ನೇ ದಿಟ್ಟಿಸಿ ಇಳಿದು ಬರುವ ಹೆಂಗಸನ್ನು ಇನ್ನೇನೆಂದು ಕರೆಯುತ್ತಾರೆ? ನಿಧಿ ಹುಡುಕುವವಳು ಎಂದವರಿದ್ದರು, ರಸ್ತೆ ಅಳೆಯುವವಳು ಎಂದವರಿದ್ದರು. ಈಗ ಹೆಸರು ಹಳೆಯದಾಗಿ ಹಿತವಾಗಿದೆ. ಮಕ್ಕಳು ಕೂಡ ಹಾಗೇ ಕೂಗುತ್ತಾರೆ, ಅವರೂ ಓಗೊಡುತ್ತಾರೆ.

ಅವರ ಜೊತೆ ಓದಿದವರೆಲ್ಲ ನೆಲ ಅಗೆಯುವ ಕಡೆ ಹೋದರು. ಮಡಕೆ, ನಾಣ್ಯ, ಮಣಿಸರ ತೆಗೆದರು. ತೆಗೆದದ್ದು ಗಾಜಿನ ಪೆಟ್ಟಿಗೆ ಸೇರಿತು, ಪಕ್ಕದಲ್ಲಿ ನಿಂತು ನಗುವ ಅವರ ಚಿತ್ರ ಪತ್ರಿಕೆ ಸೇರಿತು. "ನಾನು ಕಂಡಿದ್ದನ್ನ ಎತ್ಕೊಂಡು ಬಂದು ತೋರಿಸೋಕಾಗಲ್ಲ. ನೋಡಬೇಕಾದವರೇ ಇಲ್ಲಿಗೆ ಬರಬೇಕು. ಇಷ್ಟು ದೂರ ಯಾರು ಬರ್ತಾರೆ ಹೇಳಿ?" ಎಂದು ಕಲ್ಲಕ್ಕ ಕೇಳುತ್ತಾರೆ. ದನಿಯಲ್ಲಿ ದೂರೇನೂ ಇಲ್ಲ. ಹೆಜ್ಜೇನು ಅಟ್ಟಿಸಿಕೊಂಡು ಬಂದದ್ದು, ಬಾವಲಿಗಳ ನಾತದಲ್ಲಿ ಊಟದ ಡಬ್ಬಿ ಬಿಚ್ಚಿದ್ದು, ಜಾರಿ ಬಿದ್ದು ಮಂಡಿ ಒಡೆದುಕೊಂಡದ್ದು, ಮಗಳ ಶಾಲೆಯ ನಾಟಕಕ್ಕೆ ಒಂದು ವರ್ಷವೂ ಸಮಯಕ್ಕೆ ಸರಿಯಾಗಿ ಹೋಗದೇ ಇದ್ದದ್ದು ಎಲ್ಲವನ್ನೂ ಬೇರೆ ಯಾರದೋ ಕತೆ ಹೇಳುವಂತೆ ಹೇಳಿ ಮುಗಿಸುತ್ತಾರೆ.

ಅವರ ಕೆಲಸದ ಬಹುಪಾಲು ನೋಡುವುದು. ಬಂಡೆಗೆ ತಾಗದಂತೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿದು, ಕಂಡ ಗೆರೆಯನ್ನು ಕಂಡಷ್ಟೇ ಎಳೆದುಕೊಳ್ಳಬೇಕು. ಕಾಣದ್ದನ್ನು ಊಹಿಸಿ ತುಂಬುವಂತಿಲ್ಲ. ಇದಕ್ಕೊಂದು ಕಟ್ಟಳೆಯೂ ಇದೆ: ಇಬ್ಬರು ಬೇರೆಬೇರೆಯಾಗಿ ನೋಡಬೇಕು, ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು, ಕೊನೆಯಲ್ಲಿ ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಬೇಕು. "ಹೇಳಿಕೊಟ್ರೆ ಎಲ್ಲರಿಗೂ ಕಾಣುತ್ತೆ, ಮೋಡದಲ್ಲಿ ಆನೆ ತೋರಿಸಿದ ಹಾಗೆ" ಎನ್ನುತ್ತಾರೆ ಅವರು. ಕಟ್ಟಳೆಯೇನೋ ಚೆನ್ನಾಗಿದೆ. ಆದರೆ ಇಲಾಖೆ ಇವರಿಗೆ ಎರಡನೆಯವರನ್ನು ಕೊಟ್ಟದ್ದು ಅಪರೂಪ.

ಬಿಳಿ ಜಿಂಕೆಯನ್ನು ಅವರು ಮೊದಲು ಕಂಡದ್ದು ಮಗಳು ಇನ್ನೂ ಅಕ್ಷರ ತಿದ್ದುತ್ತಿದ್ದ ಕಾಲದಲ್ಲಿ. ಅದಕ್ಕೂ ಹಿಂದೆ ಈ ಗವಿ ಗೊತ್ತಿದ್ದದ್ದು ಕೆಂಪು ಎತ್ತುಗಳಿಗಾಗಿ. ಅವು ಕುರುಡರಿಗೂ ಕಾಣುವಷ್ಟು ಢಾಳಾಗಿವೆ. ಒಂದು ಬೆಳಗ್ಗೆ ಓರೆ ಬಿಸಿಲು ಬಿದ್ದಾಗ, ಒಂದು ಎತ್ತಿನ ಕೆಂಪು ಕಾಲಿನ ಅಡಿಯಿಂದ ಬಿಳಿ ಗೆರೆಯೊಂದು ಹೊರಗೆ ಇಣುಕಿದ್ದನ್ನು ಕಲ್ಲಕ್ಕ ಕಂಡರು. ಕೆಂಪು ಮೇಲೆ, ಬಿಳಿ ಕೆಳಗೆ. ಅಂದರೆ ಎತ್ತುಗಳು ಬರುವುದಕ್ಕೆ ಮೊದಲೇ ಇಲ್ಲೊಂದು ಜಿಂಕೆ ಇತ್ತು. ಮಾಸಲು ಕಲ್ಲಿನ ಮೇಲೆ ಬಿಳಿ ಬಣ್ಣವಾದ್ದರಿಂದ ಇಲಾಖೆಯ ಕ್ಯಾಮೆರಾಕ್ಕೆ ಅದು ಒಮ್ಮೆಯೂ ಸಿಗಲಿಲ್ಲ. ಅವರು ಹಾಳೆಯಲ್ಲಿ ಅದನ್ನು ಇಳಿಸಿಕೊಂಡರು. ಹಾಳೆ ಕಚೇರಿಯ ಬೀರು ಸೇರಿತು. ಮೇಲಿನವರು ಬಂದರು, ನೋಡಿದರು, ಹೂಂ ಎಂದರು, ಹೋದರು.

ನಾಲ್ಕು ವರ್ಷಗಳ ಹಿಂದೆ ಜಿಂಕೆ ಮಾಸತೊಡಗಿತು. ಮೊದಲು ಕಿವಿ ಹೋಯಿತು, ಆಮೇಲೆ ಬೆನ್ನು. ಕಳೆದ ವರ್ಷದ ಹೊತ್ತಿಗೆ ಎಷ್ಟು ಕನ್ನಡಿ ಹಿಡಿದರೂ ಬರೀ ಬಂಡೆ. ಕಲ್ಲಕ್ಕ ಆಗ ಊಟ ಬಿಟ್ಟರು, ಅತ್ತರು ಕೂಡ. ತೇವವೋ, ಬಂದುಹೋಗುವವರ ಉಸಿರೋ, ಏನೋ ಒಂದು ಬಣ್ಣವನ್ನು ತಿನ್ನುತ್ತಿದೆ ಎಂದು ಇಲಾಖೆಯ ಬೆನ್ನು ಬಿದ್ದರು. ಇದ್ದಬದ್ದ ಬಣ್ಣವನ್ನಾದರೂ ಹಿಡಿದಿಡುವ ಲೇಪ ಹಚ್ಚಿಸಬೇಕೆಂದು ಪಟ್ಟು ಹಿಡಿದರು. ಅಂಥ ಲೇಪವನ್ನು ಒಮ್ಮೆ ಹಚ್ಚಿದರೆ ತೆಗೆಯಲಾಗದು, ವರ್ಷಗಳು ಕಳೆದಂತೆ ಅದೇ ಕಂದಾಗಿ ಚಿತ್ರವನ್ನು ನುಂಗಿಬಿಡಲೂಬಹುದು. ಅದು ಗೊತ್ತಿದ್ದೂ ಕೇಳಿದರು. ಸಾಯುತ್ತಿರುವವರಿಗೆ ಕೊಡುವ ಮದ್ದು ಕಹಿ ಎಂದು ನೋಡುವುದಕ್ಕಾಗುತ್ತದೆಯೇ? ತಿಂಗಳುಗಟ್ಟಲೆ ಓಡಾಡಿದ ಮೇಲೆ ಒಪ್ಪಿಗೆ ಸಿಕ್ಕಿತು, ದಿನವೂ ಗೊತ್ತಾಯಿತು.

ಕಾವಲುಗಾರ ಆ ದಿನಗಳನ್ನು ನೆನೆದು ಈಗ ತಲೆ ಕೆರೆದುಕೊಳ್ಳುತ್ತಾರೆ. ಅವರು ಕೆಲಸಕ್ಕೆ ಸೇರಿ ಆರು ವರ್ಷ. "ನನಗೆ ಆ ಜಿಂಕೆ ಮೊದಲಿಂದಲೂ ಕಂಡಿರಲಿಲ್ಲ. ಅಕ್ಕ ಇದೆ ಅಂದ್ರು, ಹೂಂ ಅಂದೆ. ಹೋಯ್ತು ಅಂದ್ರು, ಅದಕ್ಕೂ ಹೂಂ ಅಂದೆ."

ಅತ್ತ ಮನೆಯಲ್ಲಿ ಇನ್ನೊಂದು ಜಗಳ ನಡೆದಿತ್ತು. ಕಲ್ಲಕ್ಕನ ಗಂಡ ಅಂಚೆ ಕಚೇರಿಯಿಂದ ನಿವೃತ್ತರಾದವರು. ಅಂದಿನಿಂದ ಬಟ್ಟೆ ಒಗೆಯುವ ಕೆಲಸ ಅವರದು. ಹಾಸಿಗೆಯ ಬಿಳಿ ಹೊದಿಕೆ ಹಳದಿಗಟ್ಟಿದೆ, ಅಂಗಿಯ ಕಾಲರು ಕಂದಾಗಿದೆ ಎಂದು ಹೆಂಡತಿ ದಿನಾ ರಾಗ ಎಳೆದರೆ ಆ ಮನುಷ್ಯ ಏನು ಮಾಡಬೇಕು? ಸೋಪು ಬದಲಾಯಿಸಿದರು, ಬಿಸಿನೀರಿನಲ್ಲಿ ನೆನೆಸಿದರು, ನೀಲಿ ಹಾಕಿದರು. ಯಾವುದಕ್ಕೂ ಮೆಚ್ಚುಗೆ ಸಿಗಲಿಲ್ಲ. "ನನ್ನ ಕೈಯಲ್ಲೇ ಏನೋ ದೋಷ ಇದೆ ಅಂತ ಒಪ್ಕೊಂಡುಬಿಟ್ಟಿದ್ದೆ" ಎನ್ನುತ್ತಾರೆ ಅವರು.

ಗಂಟು ಬಿಚ್ಚಿದ್ದು ಮಗಳು. ಎರಡು ತಿಂಗಳ ಹಿಂದೆ ಕೂಸನ್ನೆತ್ತಿಕೊಂಡು ಬಂದವಳು ಅದಕ್ಕೆ ಹೊಸ ಅಂಗಿ ತೊಡಿಸಿದಳು. ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಈ ಹಳದಿ ಇವಳಿಗೆ ಚೆನ್ನಾಗಿ ಒಪ್ಪುತ್ತದೆ ಎಂದರು. ಮಗಳು ಅಪ್ಪನ ಮುಖ ನೋಡಿದಳು, ಅಪ್ಪ ಮಗಳ ಮುಖ ನೋಡಿದರು. ಅಂಗಿ ಹಾಲಿನಷ್ಟು ಬಿಳಿಯಾಗಿತ್ತು. ಮರುದಿನವೇ ಮಗಳು ಅಮ್ಮನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಳು.

ಎರಡೂ ಕಣ್ಣಿಗೆ ಪೊರೆ ಬಂದಿದೆ, ನಿನ್ನೆ ಮೊನ್ನೆಯದಲ್ಲ, ಕೆಲವು ವರ್ಷಗಳದ್ದು ಎಂದರು ವೈದ್ಯರು. ಆಪರೇಷನ್ ನೋಯುತ್ತದೆಯೇ ಎಂದು ಈ ರೋಗಿ ಕೇಳಲಿಲ್ಲ. ಅವರು ಕೇಳಿದ್ದು ಒಂದೇ: "ಮೊದಲು ಬಿಳಿ ಹೋಗುತ್ತಾ ಡಾಕ್ಟ್ರೇ?" ತಿಳಿ ಬಣ್ಣದ ಮೇಲೆ ತಿಳಿ ಬಣ್ಣ ಇದ್ದರೆ ಅದೇ ಮೊದಲು ಕಾಣದಾಗುತ್ತದೆ ಎಂದು ವೈದ್ಯರು ಹೇಳಿದಾಗ ಕಲ್ಲಕ್ಕನ ಕಣ್ಣಮುಂದೆ ಬಂದದ್ದು ಆ ಜಿಂಕೆ.

ಆ ವಾರವೇ ಬಲಗಣ್ಣಿನ ಆಪರೇಷನ್ ಆಯಿತು. ವೈದ್ಯರು ಓಡಾಡಬಹುದು ಎಂದ ಮರುದಿನ ಬೆಳಕು ಹರಿಯುವ ಮುಂಚೆ ಅವರು ಗಂಡನ ತೋಳು ಹಿಡಿದು ಗುಡ್ಡ ಹತ್ತಿದರು. ಕಪ್ಪು ಕನ್ನಡಕ ತೆಗೆದರು. ಬಿಸಿಲು ಬಂಡೆಯ ಮೇಲೆ ಓರೆಯಾಗಿ ಹರಿಯಿತು. ಕಿವಿ, ಬೆನ್ನು, ಹೊಟ್ಟೆಯ ಗೆರೆ, ನಾಲ್ಕು ಕಾಲು. ಜಿಂಕೆ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಕುಸಿದು ಕೂತು ಅತ್ತೂ ನಕ್ಕೂ ಸುಸ್ತಾದ ಮೇಲೆ ಗಂಡನ ಕಡೆ ತಿರುಗಿ, "ನಿಮ್ಮ ಸೋಪಿನದೇನೂ ತಪ್ಪಿರಲಿಲ್ಲ ಕಣ್ರೀ" ಎಂದರು. ಗಂಡನಿಗೆ ಅದೇ ದೊಡ್ಡ ಸಮಾಧಾನ.

ಆದರೆ ಲೇಪದ ದಿನ ಹತ್ತಿರ ಬರುತ್ತಿತ್ತು. ಕಲ್ಲಕ್ಕ ನೇರ ಇಲಾಖೆಯ ಮುಖ್ಯಸ್ಥರ ಕೋಣೆಗೆ ಹೋಗಿ, ಮಾಸಿದ್ದು ಚಿತ್ರವಲ್ಲ, ತಮ್ಮ ಕಣ್ಣು ಎಂದು ಹೇಳಿದರು. ಅಷ್ಟು ಹೇಳುವುದಕ್ಕೆ ಮೆಟ್ಟಿಲಲ್ಲಿ ಎಷ್ಟು ಹೊತ್ತು ನಿಂತಿದ್ದರೋ ಅವರಿಗೇ ಗೊತ್ತು. ಮುಖ್ಯಸ್ಥರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿಜ ಹೇಳ್ತೀನಿ, ನನಗೂ ಆ ಜಿಂಕೆ ಕಂಡಿರಲಿಲ್ಲ. ನಿಮ್ಮ ಮೇಲಿನ ನಂಬಿಕೆಯಿಂದ ಹೂಂ ಅಂದಿದ್ದೆ" ಎಂದರು. ನಿಮ್ಮ ಮಾತಿಗೇ ಲೇಪ ತರಿಸಿದೆವು, ಈಗ ನಿಮ್ಮ ಮಾತಿಗೇ ವಾಪಸು ಕಳಿಸಿದರೆ ಮೇಲಿನವರಿಗೆ ಏನು ಹೇಳಲಿ ಎಂದೂ ಕೇಳಿದರು. ಕೊನೆಗೆ ಒಂದು ದಾರಿ ಸೂಚಿಸಿದರು. ಇನ್ನೊಬ್ಬರು ಯಾರಾದರೂ ಸರಿ, ಸ್ವಂತ ಕಣ್ಣಿಂದ ನೋಡಿ ಚಿತ್ರ ಬರೆದುಕೊಡಲಿ. ಬೀರುವಿನಲ್ಲಿರುವ ಹಾಳೆಗೆ ಅದು ತಾಳೆಯಾದರೆ ಲೇಪ ನಿಲ್ಲುತ್ತದೆ. ಇವರು ಮಾತ್ರ ಏನನ್ನೂ ಹೇಳಿಕೊಡಬಾರದು.

ಬಸ್ಸಿನಲ್ಲಿ ವಾಪಸು ಬರುವಾಗ ಕಲ್ಲಕ್ಕನಿಗೆ ಹೊಸ ಹೆದರಿಕೆ ಹುಟ್ಟಿತು. ಇಷ್ಟು ವರ್ಷ ಎಲ್ಲರೂ ಬರೀ ಹೂಂಗುಟ್ಟಿದ್ದರು. ಹಾಗಾದರೆ ಅಲ್ಲಿ ಜಿಂಕೆ ಎಂಬುದೊಂದು ಇರುವುದಾದರೂ ನಿಜವೇ? ಮೋಡದಲ್ಲಿ ಆನೆ ಕಂಡವರು ತಾವೇ ಆಗಿದ್ದರೆ?

ಕಚೇರಿಯವರು ಗುಡ್ಡ ಹತ್ತುವ ಹೊತ್ತಿಗೆ ಓರೆ ಬಿಸಿಲು ಮುಗಿದಿರುತ್ತದೆ. ಗಂಡನಿಗೂ ಮಗಳಿಗೂ ಆ ಹಾಳೆ ಮೊದಲೇ ಗೊತ್ತು, ಊರಿನವರಿಗೆ ಬೆಳಗ್ಗೆ ಹೊಲದ ಕೆಲಸ. ಉಳಿದವರು ಕಾವಲುಗಾರ ಒಬ್ಬರೇ. ಹಾಳೆ ಬೀರು ಸೇರಿದ ಎಷ್ಟೋ ವರ್ಷಗಳ ಮೇಲೆ ಕೆಲಸಕ್ಕೆ ಬಂದವರಾದ್ದರಿಂದ ಅವರು ಅದನ್ನು ಕಂಡೇ ಇರಲಿಲ್ಲ. ಕಲ್ಲಕ್ಕ ಕನ್ನಡಿ ಹಿಡಿದರು, ಕಾವಲುಗಾರ ಚಪ್ಪಟೆ ಕಲ್ಲಿನ ಮೇಲೆ ಕುಳಿತರು. ಮೊದಲ ದಿನವೇ ಕಾಣಿಸಿತು ಎಂದುಬಿಟ್ಟರು, ಪಾಪ, ಅಕ್ಕನ ಮೇಲಿನ ಕನಿಕರಕ್ಕೆ. ಪೆನ್ಸಿಲು ಕೊಟ್ಟರೆ ಕೆಂಪು ಎತ್ತನ್ನೇ ಬರೆದರು. ಮತ್ತೆ ಕೆಲವು ಬೆಳಗ್ಗೆ ಏನೂ ಕಾಣಲಿಲ್ಲ. ಸ್ವಲ್ಪ ಈ ಕಡೆ ನೋಡಪ್ಪ ಎಂಬ ಮಾತು ಕಲ್ಲಕ್ಕನ ತುದಿನಾಲಿಗೆಗೆ ಬರುತ್ತಿತ್ತು, ಅವರು ನುಂಗಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಲೇಪದ ಡಬ್ಬಗಳು ಬಂದು ಗುಡ್ಡದ ಬುಡದ ಕೊಠಡಿಯಲ್ಲಿ ಕುಳಿತವು.

ಕೆಲಸದವರು ಬರುವುದಕ್ಕೆ ಎರಡು ದಿನ ಉಳಿದಿತ್ತು. ಆ ಬೆಳಗ್ಗೆ ಸಡಿಲ ಕಲ್ಲೊಂದನ್ನು ತುಳಿದು ಕಲ್ಲಕ್ಕ ಎಡವಿದರು. ಕೈಯಲ್ಲಿದ್ದ ಕನ್ನಡಿ ಕೆಳಗೆ ವಾಲಿ, ಬೆಳಕು ಬಂಡೆಯ ಬುಡದಿಂದ ಮೇಲಕ್ಕೆ ಹತ್ತಿತು.

"ಅಲ್ಲಾಡಬೇಡಿ ಅಕ್ಕ. ಹಾಗೇ ಇರಿ" ಎಂದರು ಕಾವಲುಗಾರ. ಆರು ವರ್ಷದಲ್ಲಿ ಅವರು ಇವರಿಗೆ ಅಪ್ಪಣೆ ಮಾಡಿದ್ದು ಅದೇ ಮೊದಲು.

ಹಿಂದೊಮ್ಮೆ ಒಡೆದಿದ್ದ ಮಂಡಿಯ ಮೇಲೆ ಅರ್ಧ ಬಗ್ಗಿದಂತೆಯೇ ಕಲ್ಲಕ್ಕ ನಿಂತರು. ಕಾವಲುಗಾರ ಬರೆದರು, ಅಳಿಸಿದರು, ಮತ್ತೆ ಬರೆದರು. ಬರೆದು ಮುಗಿಸಿ, ಅದು ಹೇಗೆ ನಿಂತಿದೆ, ಎತ್ತ ನೋಡುತ್ತಿದೆ ಎಂದು ಮೆಲ್ಲಗೆ ಒಂದು ಮಾತು ಹೇಳಿದರು. ಕಲ್ಲಕ್ಕ ಅವರಿಗೆ ಎಂದೂ ಹೇಳಿರದ ಮಾತು ಅದು. ಕಟ್ಟಳೆ ಕಟ್ಟಳೆಯೇ. ಇವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಕಾಗದ ಮಡಚಿಕೊಂಡು ಮೊದಲ ಬಸ್ಸು ಹತ್ತಿದರು.

ಮುಖ್ಯಸ್ಥರು ಬೀರು ತೆರೆಸಿ ಹಳೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. ಪಕ್ಕದಲ್ಲಿ ಕಾವಲುಗಾರ ಬರೆದದ್ದು. ಅದು ಜಿಂಕೆಗಿಂತ ಹೆಚ್ಚಾಗಿ ಕಿವಿ ನಿಮಿರಿಸಿದ ನಾಯಿಯಂತಿತ್ತು. ಆದರೆ ಕಾಲು ಇರಬೇಕಾದಲ್ಲಿ ಕಾಲಿತ್ತು, ಹೊಟ್ಟೆಯ ಗೆರೆ ತುಂಡಾಗಬೇಕಾದಲ್ಲಿ ತುಂಡಾಗಿತ್ತು, ಮುಖ ತಿರುಗಬೇಕಾದತ್ತ ತಿರುಗಿತ್ತು. ಮುಖ್ಯಸ್ಥರು ಅದನ್ನೂ ಇದನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಎತ್ತಿ, ಡಬ್ಬಗಳನ್ನು ವಾಪಸು ತರಿಸಿ ಎಂದರು. ಕಲ್ಲಕ್ಕ ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹೋದ ಜೀವ ಬಂದಂತಾಗಿತ್ತು. "ಜಿಂಕೆ ಉಳೀತು ಅನ್ನೋದೊಂದೇ ಅಲ್ಲ. ಅದನ್ನ ಕಂಡವಳು ನಾನೊಬ್ಬಳೇ ಅನ್ನೋ ಭಾರ ಇಳೀತು ನೋಡಿ" ಎನ್ನುತ್ತಾರೆ.

ಎಡಗಣ್ಣಿನ ಆಪರೇಷನ್ ಮುಂದಿನ ವಾರ. ಅಲ್ಲಿಯವರೆಗೆ ಬೆಳಗಿನ ಈ ಇದೆ-ಇಲ್ಲ ಆಟ ನಡೆಯುತ್ತದೆ. ನಿವೃತ್ತಿಯಾದ ಮೇಲೂ ಗುಡ್ಡ ಹತ್ತುವುದನ್ನು ಬಿಡುವುದಿಲ್ಲವಂತೆ. ಕಾವಲುಗಾರ ಬಂದವರಿಗೆಲ್ಲ ಕನ್ನಡಿ ಹಿಡಿಯುತ್ತಾರೆ, ಹೇಗೆ ವಾಲಿಸಬೇಕೆಂದು ಅವರಿಗೀಗ ಚೆನ್ನಾಗಿ ಗೊತ್ತು. ಬಿಸಿಲು ಮೇಲೇರಿ ಬಂಡೆ ಮತ್ತೆ ಬರೀ ಬಂಡೆಯಾಗುತ್ತದೆ. ಅವರು ಕನ್ನಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿಡುತ್ತಾರೆ, ಇವರು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ. ಪತ್ರಿಕೆಯಲ್ಲಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರೆ, ಕಲ್ಲಕ್ಕ ಒಂದೇ ಒಂದು ಕೋರಿಕೆ ಮುಂದಿಡುತ್ತಾರೆ.

"ನನ್ನ ಕಣ್ಣಿನ ವಿಷಯ ಬರೀರಿ, ನಾಚಿಕೆ ಏನಿಲ್ಲ. ಜಿಂಕೆ ಎತ್ತ ನೋಡ್ತಿದೆ ಅಂತ ಮಾತ್ರ ಬರೀಬೇಡಿ. ಬಂದವರು ಅವರ ಕಣ್ಣಲ್ಲೇ ನೋಡಿ ಹೇಳಲಿ. ಇಷ್ಟು ದಿನ ನಾನು ಹೇಳಿದ್ದಕ್ಕೆ ಎಲ್ಲರೂ ಹೂಂ ಅಂದ್ರು. ಇನ್ನು ಮೇಲೆ ಹೂಂ ಅನ್ನೋ ಕೆಲಸ ನಂದು."