ಸುಮಾ ತಿದ್ದಿದ ನನ್ನ ಪ್ರೋಗ್ರಾಂ

"ಯಾಕೆ ಮಾರಾಯ್ತಿ, ಬಾಗಿಲಲ್ಲೇ ನಿಂತ್ಕೊಂಡಿದೀಯ? ಒಳಗೆ ಬಾ."

ಮಾಚೇನಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಮೊದಲ ದಿನ ನನ್ನ ಕಿವಿಗೆ ಬಿದ್ದ ಮಾತು ಇದು. ಸಿಟ್ಟು ನೆತ್ತಿಗೇರಿತು. ನಮ್ಮ ವಿಜಯಪುರದಲ್ಲಿ ಹೊಸಬರನ್ನು 'ಬರ್ರಿ ಅಕ್ಕಾರ' ಎನ್ನುತ್ತೇವೆ. ಇಲ್ಲಿ ಗುರುತಿಲ್ಲದವಳೊಬ್ಬಳು ಏಕವಚನದಲ್ಲೇ ಕರೆದಿದ್ದಳು. ಮಾರಾಯ್ತಿ ಎಂಬುದು ಇಲ್ಲಿನವರ ಸಲುಗೆಯ ಮಾತು, ಬೈಗುಳವಲ್ಲ ಎಂದು ನಂಬಲು ಬಹಳ ಕಾಲ ಹಿಡಿಯಿತು. ಕರೆದವಳು ಸುಮಾ, ಇಲ್ಲೇ ಹತ್ತಿರದ ಕಾಗದನಗರದಲ್ಲಿ, ಹಲವು ಭಾಷೆಯವರಿದ್ದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಕಂಪ್ಯೂಟರ್ ವಿಭಾಗದಲ್ಲಿ ನಾವಿಬ್ಬರೇ.

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕುಲುಮೆಯವರೊಂದಿಗೆ ತಮಿಳು, ಕ್ಯಾಂಟೀನಿನಲ್ಲಿ ತೆಲುಗು. ಬಸ್ಸಿನ ಕಂಡಕ್ಟರ್ ಕೂಡ ಅವಳಿಗೆ ಸೀಟು ಹಿಡಿದಿಡುತ್ತಿದ್ದ. ನಾನೋ ಶಿವಮೊಗ್ಗದಲ್ಲಿ ಬಾಡಿಗೆ ಕೋಣೆ ಹಿಡಿದು, ಒಳ್ಳೆಯ ಜೋಳದ ಹಿಟ್ಟಿಗಾಗಿ ಅಂಗಡಿ ಅಂಗಡಿ ಅಲೆದು, ಕೊನೆಗೆ ಅಕ್ಕಿ ರೊಟ್ಟಿಗೆ ಒಗ್ಗಿಕೊಂಡವಳು.

ನನ್ನದೆಂದು ಇಲ್ಲಿ ಇದ್ದದ್ದು ನಾನು ಬರೆದ ಪ್ರೋಗ್ರಾಂ ಮಾತ್ರ. ಎರಕದ ಬಿಡಿಭಾಗಗಳಲ್ಲಿ ಒಳಬಿರುಕು ಇಲ್ಲವೆಂದು ತೋರಿಸುವ ಎಕ್ಸ್‌ರೇ ಚಿತ್ರಗಳನ್ನು ಅದು ಪುಣೆಯ ಗ್ರಾಹಕರಿಗೆ ತಾನಾಗಿ ಕಳಿಸುತ್ತಿತ್ತು. ನಿಧಾನ, ನಿಜ. ಪ್ರತಿ ಫೈಲಿಗೂ ಹೊಸದಾಗಿ ಸಂಪರ್ಕ ತೆರೆದು, ಪಾಸ್‌ವರ್ಡ್ ಕೊಟ್ಟು, ಕಳಿಸಿ, ಮುಚ್ಚುತ್ತಿತ್ತು. ಚಿತ್ರವಿಲ್ಲದ ಮಾಲನ್ನು ಗ್ರಾಹಕರು ಒಪ್ಪುತ್ತಿರಲಿಲ್ಲ; ಚಿತ್ರಗಳು ಮುಟ್ಟುವ ತನಕ ಮಾಲು ತುಂಬಿದ ಲಾರಿ ಕಾಯುತ್ತಿತ್ತು.

ನಾನು ರಜೆಯಲ್ಲಿದ್ದಾಗ ಸುಮಾ ಅದನ್ನು ತಿದ್ದಿದಳು. ಒಮ್ಮೆ ತೆರೆದ ಸಂಪರ್ಕದಲ್ಲೇ ಸಾಲಾಗಿ ಫೈಲುಗಳು ಹೋಗುವಂತೆ, ಅಂಥ ಹಲವು ಸಂಪರ್ಕಗಳು ಒಟ್ಟಿಗೇ ನಡೆಯುವಂತೆ ಮಾಡಿದಳು. ನಾನು ಮರಳಿದಾಗ ಲಾರಿಗಳು ಊಟಕ್ಕೆ ಮೊದಲೇ ಹೊರಡುತ್ತಿದ್ದವು.

"ಸುಮಾ ಪ್ರೋಗ್ರಾಂ ಏನ್ ಸ್ಪೀಡು, ನೋಡಿದ್ರಾ?" ಎಂದರು ಮ್ಯಾನೇಜರು.

ಸುಮಾ ಪ್ರೋಗ್ರಾಂ!

ತಪ್ಪು ಹುಡುಕಲೆಂದೇ ಅವಳು ಬರೆದ ಸಾಲುಗಳನ್ನು ಓದಿದೆ. ಸಿಕ್ಕೇಬಿಟ್ಟಿತು. ಸಂಪರ್ಕಗಳು ಅತಿಯಾದರೆ ಪುಣೆಯ ಸರ್ವರ್ ಕೆಲವನ್ನು ತಿರಸ್ಕರಿಸುತ್ತಿತ್ತು. ಪ್ರೋಗ್ರಾಂ ಅದನ್ನು ಗಮನಿಸದೆ ಮುಂದೆ ಓಡುತ್ತಿತ್ತು. ಅವತ್ತಿನ ಕೆಲವು ಚಿತ್ರಗಳು ಮುಟ್ಟಿರಲೇ ಇಲ್ಲ. ಹೊರಗೆ ಲಾರಿ ಗೇಟಿನತ್ತ ತಿರುಗುತ್ತಿತ್ತು. ನಾನು ಸುಮ್ಮನಿದ್ದರೆ ಮಾಲು ವಾಪಸ್ ಬರುತ್ತದೆ, ಬೈಗುಳ ಸುಮಾಗೆ. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

"ಸುಮಾ, ಲಾರಿ ನಿಂದ್ರಸು! ಫೈಲ್ ಎಲ್ಲಾ ಮುಟ್ಟಿಲ್ಲ!"

ಅವಳು ಕಿಟಕಿಯಿಂದ ಬಗ್ಗಿ ಡ್ರೈವರನಿಗೆ ತಮಿಳಿನಲ್ಲಿ ಕೂಗಿದಳು. ಲಾರಿ ನಿಂತಿತು. ಇಬ್ಬರೂ ಕೂತು ಸಂಪರ್ಕಗಳಿಗೆ ಮಿತಿ ಹಾಕಿದೆವು. ತಪ್ಪಿದ ಫೈಲು ಮತ್ತೆ ಹೋಗುವಂತೆ, ಕೊನೆಗೊಮ್ಮೆ ಎಲ್ಲವನ್ನೂ ತಾಳೆ ನೋಡುವಂತೆ ಮಾಡಿದೆವು. ವೇಗ ತುಸು ತಗ್ಗಿದರೂ ನನ್ನ ಹಳೆಯ ಪ್ರೋಗ್ರಾಂಗಿಂತ ಎಷ್ಟೋ ಚುರುಕಾಗಿತ್ತು.

"ನಿಂಗೆ ಹೇಳ್ದೆ ಅದನ್ನ ಮುಟ್ಟಬಾರ್ದಿತ್ತು ಕಣೇ," ಎಂದಳು ಸುಮಾ, ಮುಖ ನೋಡದೆ. "ಇಲ್ಲೇ ಹುಟ್ಟಿದೋಳು ನಾನು. ಎಲ್ಲಿಂದಲೋ ಬಂದ ನಿಂಗೆ ಆ ಕೆಲಸ ಕೊಟ್ರಲ್ಲ ಅಂತ ಹೊಟ್ಟೆ ಉರೀತಿತ್ತು."

ಅವಳಿಗೆ, ನನ್ನ ಮೇಲೆ! ನಗು ಬಂತು. ಆದರೂ ಆ ತಮಿಳಿನ ಕೂಗು ನನಗೆ ಬರುವುದಿಲ್ಲವಲ್ಲ ಎಂಬ ಉರಿ ಹಾಗೇ ಉಳಿಯಿತು.

ಸಂಜೆ ಅವ್ವನಿಗೆ ಫೋನು ಮಾಡಿ, ಈ ಸಲ ಹಬ್ಬಕ್ಕೆ ಬರಕ್ಕಾಗಲ್ಲ ಎಂದೆ.

"ಬರಕ್ಕಾಗಲ್ಲ ಅಂತ! ಮಾತೂ ಅಲ್ಲೀದ ಆತೇನ?" ಎಂದಳು ಅವ್ವ.

ಅವ್ವನ ಹಿಂದೆ ತಂಗಿ ಯಾವುದಕ್ಕೋ ಜೋರಾಗಿ ನಗುವುದು ಕೇಳಿಸಿತು. ಏನದು ಎಂದು ಅವ್ವನನ್ನು ಕೇಳಿದೆ.

"ಅದನ್ನ ಫೋನಿನ್ಯಾಗ ಹೆಂಗ ಹೇಳೂದು? ನೀ ಇಲ್ಲಿ ಇರಬೇಕಿತ್ತ."